ಒಂದು ಎಲೆ ಕಡಿಮೆ

ಸಂಜೆ ದೇವರ ದೀಪ ಹಚ್ಚಿ, ಜಗಲಿಗೆ ಬಂದು, ಬೀಡಿ ಸುತ್ತುವ ಗೆರಸೆಯನ್ನು ಶೀಲಾವತಿ ತೊಡೆಯ ಮೇಲಿಟ್ಟುಕೊಳ್ಳುವ ಹೊತ್ತಿಗೆ ಹಿಂದಿನ ಶೆಡ್ಡಿನಿಂದ ಆ ಸದ್ದು ಬರುತ್ತಿತ್ತು. ಟಣ್, ಟಣ್. ಕಬ್ಬಿಣದ ಬಾಣಲೆಯ ಅಂಚಿಗೆ ಸಟ್ಟುಗ ಬಡಿದ ಹಾಗೆ. ಮತ್ತೆ ಏನೂ ಇಲ್ಲ.

ಬಾಣಲೆ ಅವಳ ಮಗ ಮೋಕ್ಷಿತನದು. ಜಾಲ್ಸೂರಿನಲ್ಲಿ ಕಾಸರಗೋಡಿನ ಬಸ್ಸು ನಿಲ್ಲುವ ಕಡೆ ಅವನ ಫಾಸ್ಟ್‌ಫುಡ್ ಗಾಡಿ ಇತ್ತು. ನೂಡಲ್ಸ್ ಪ್ಲೇಟಿಗೆ ಸುರಿಯುವ ಮೊದಲು ಸಟ್ಟುಗವನ್ನು ಎರಡು ಸಲ ಬಡಿಯುವುದು ಅವನ ಅಭ್ಯಾಸ. ಆ ಸದ್ದು ಕೇಳಿದರೆ ಕಾಯುತ್ತಿದ್ದವರು ಮಾತು ನಿಲ್ಲಿಸಿ ಕೈ ಚಾಚುತ್ತಿದ್ದರು. ಹೋದ ವರ್ಷ ಮಳೆಗಾಲದಲ್ಲಿ ಕಲ್ಲುಗುಂಡಿಯ ತಿರುವಿನಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು. ಆಮೇಲೆ ಗಾಡಿಯನ್ನು ಶೆಡ್ಡಿಗೆ ತಂದು ಟಾರ್ಪಾಲು ಹೊದೆಸಿದರು. ಬಾಣಲೆಯನ್ನೂ ಸಟ್ಟುಗವನ್ನೂ ಗೋಡೆಯ ಮೊಳೆಗೆ ತೂಗುಹಾಕಿದರು.

ಸದ್ದಿನ ವಿಷಯವನ್ನು ಶೀಲಾವತಿ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಇನ್ನೊಬ್ಬಳೆಂದರೆ ಸೊಸೆ ಯಶಸ್ವಿ. ಕೊಲ್ಲಮೊಗ್ರಿನ ಹುಡುಗಿ, ಸುಳ್ಯದ ಒಂದು ಟೈಲರ್ ಅಂಗಡಿಗೆ ಹೊಲಿಯಲು ಹೋಗುತ್ತಾಳೆ. ಸಂಜೆ ಬಂದವಳು ಹಿತ್ತಲಿನ ಕಡೆ ಬಟ್ಟೆ ಒಗೆಯುತ್ತಾಳೆ, ನೀರು ಹಿಡಿಯುತ್ತಾಳೆ. ಅವಳೇ ಬಡಿಯುತ್ತಿರಬಹುದು, ಮನಸ್ಸು ತಡೆಯದೆ, ಎಂದು ಶೀಲಾವತಿ ಅಂದುಕೊಂಡಿದ್ದಳು. ಕೇಳಿದರೆ ಅವಳಿಗೆ ನಾಚಿಕೆಯಾದೀತು. ಕೇಳದೆ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅವಳಲ್ಲ ಎಂದುಬಿಟ್ಟರೆ?

ಸಾವಿನ ವರ್ಷ ದೀಪಾವಳಿ ಮಾಡುವ ಹಾಗಿರಲಿಲ್ಲ. ಹಾಗಾಗಿ ಈ ಸಲದ್ದೇ ಮೋಕ್ಷಿತ ಹಿರಿಯರ ಸಾಲಿಗೆ ಸೇರಿದ ಮೇಲಿನ ಮೊದಲ ಹಬ್ಬ. ಆ ದಿನ ತೀರಿಹೋದವರಿಗೆಲ್ಲ ಒಳಕೋಣೆಯಲ್ಲಿ ಬಾಳೆಯೆಲೆ ಹಾಕಿ, ಒತ್ತುಶ್ಯಾವಿಗೆ, ಕೋಳಿಸಾರು, ಸಿಹಿ ಬಡಿಸಿ, ಬಾಗಿಲೆಳೆದು, ಮನೆಯವರು ಹೊರಗೆ ಸದ್ದು ಮಾಡದೆ ಕೂರುತ್ತಾರೆ. ಒಳಗಿನವರು ಉಂಡೇಳುವವರೆಗೆ ಬಾಗಿಲು ಮುಟ್ಟುವಂತಿಲ್ಲ. ಬಡಿಸುವುದು ಹಬ್ಬಕ್ಕೆಂದು ಬರುವ ಗಂಡನ ಅಣ್ಣ ಕೂಸಪ್ಪ. ಎಲೆ ಕೊಯ್ದು, ತೊಳೆದು, ಸಾಲಾಗಿ ಹಾಕುವುದು ಶೀಲಾವತಿ. ಮದುವೆಯಾಗಿ ಬಂದಂದಿನಿಂದ ಅದು ಅವಳದೇ ಕೆಲಸ. ಅತ್ತೆಗೆ, ಮಾವನಿಗೆ, ಮತ್ತೆ ಗಂಡನಿಗೆ ಅವಳೇ ಎಲೆ ಹಾಕಿದ್ದಾಳೆ. ಕೈಗೆ ಲೆಕ್ಕ ಗೊತ್ತಿತ್ತು, ತಲೆ ಬೇಕಿರಲಿಲ್ಲ.

ಈ ಸಲವೂ ಸಂಜೆ ಕೂಸಪ್ಪ ಬಡಿಸಿ, ಕೈ ಮುಗಿದು, ಬಾಗಿಲೆಳೆದು ಬಂದು ಜಗಲಿಯಲ್ಲಿ ಕೂತರು. ಎಲ್ಲರೂ ಸುಮ್ಮನಾದರು. ಆಗ ಹಿಂದಿನಿಂದ ಕೇಳಿತು. ಟಣ್, ಟಣ್.

ಶೀಲಾವತಿ ಯಶಸ್ವಿಯ ಕಡೆ ನೋಡಿದಳು. ಯಶಸ್ವಿ ಅಲ್ಲೇ, ಕಂಬಕ್ಕೆ ಒರಗಿ ಕೂತಿದ್ದಳು.

ಗಂಡನ ಎಲೆಯ ಪಕ್ಕ ಖಾಲಿ ನೆಲ ಇದ್ದದ್ದು ಶೀಲಾವತಿಯ ಕಣ್ಣಿಗೆ ಬಂತು. ಎಲೆಗಳನ್ನು ಅವಳು ಹಳೆಯ ಲೆಕ್ಕಕ್ಕೇ ಹಾಕಿದ್ದಳು.

"ಭಾವ, ಬಾಗಿಲು ತೆಗೆಯಿರಿ."

"ಎಂತ ಮಾರಾಯ್ತಿ? ಅವರು ಊಟಕ್ಕೆ ಕೂತಿದ್ದಾರೆ. ನಡುವಲ್ಲಿ ತೆಗೆಯುದುಂಟಾ?"

"ಮೋಕ್ಷಿಗೆ ಎಲೆ ಹಾಕ್ಲಿಲ್ಲ."

ಕೂಸಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಜಗಿಯುವುದು ನಿಲ್ಲಿಸಿದರು. "ನಾನಾದ್ರೂ ನೋಡ್ಬೇಕಿತ್ತು," ಎಂದರು ಕೊನೆಗೆ. "ಈಗ ಎಂತ ಮಾಡುದು? ಬಾಗಿಲು ತೆಗೆದ್ರೆ ಅವರು ಎದ್ದುಬಿಡ್ತಾರೆ, ಎದ್ದವರನ್ನು ಪುನಃ ಕೂರಿಸ್ಲಿಕ್ಕಿಲ್ಲ. ಬರುವ ವರ್ಷ ನೋಡುವ."

"ಬರುವ ವರ್ಷದ ತನಕ ಹಸ್ಕೊಂಡು ಇರ್ಬೇಕಾ ಅವ?"

ಯಶಸ್ವಿ ಬೈಯಬಹುದಿತ್ತು, ಅಳಬಹುದಿತ್ತು. ಎರಡನ್ನೂ ಮಾಡದೆ ಎದ್ದು ಕೋಣೆಗೆ ಹೋದಳು. ರಾತ್ರಿ ಊಟಕ್ಕೆ ಕರೆದರೆ ಬರಲಿಲ್ಲ.

ಬೆಳಿಗ್ಗೆ ಕೂಸಪ್ಪ ಹೊರಟು ನಿಂತಾಗ ಶೀಲಾವತಿ ಇನ್ನೊಮ್ಮೆ ಕೇಳಿದಳು. "ನಿನ್ನೆಯ ಶ್ಯಾವಿಗೆ ಬುಟ್ಟಿಯಲ್ಲಿ ಹಾಗೇ ಉಂಟು ಭಾವ. ಅವನಿಗೊಬ್ಬನಿಗೆ ಇವತ್ತು ಬಡಿಸಿದ್ರೆ?"

"ಹಿರಿಯರಿಗೆ ತಂಗಳು ಬಡಿಸುದಾ? ನಿಂಗೆ ತಲೆ ಸರಿ ಉಂಟಾ? ಅದು ಅವಮರ್ಯಾದೆ." ಚಪ್ಪಲಿ ಮೆಟ್ಟಿ ಅವರು ಅಂಗಳ ಇಳಿದರು.

ತಂಗಳು ಎಂಬ ಮಾತು ಅಲ್ಲೇ ಉಳಿಯಿತು. ಪಾತ್ರೆ ತೊಳೆಯುವಾಗಲೂ ಉಳಿಯಿತು. ಬುಟ್ಟಿಯ ಬಟ್ಟೆ ಸರಿಸಿ, ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದ ಶ್ಯಾವಿಗೆಯನ್ನು ನೋಡಿದಾಗ ಶೀಲಾವತಿಗೆ ಒಂದು ಸಂಗತಿ ಹೊಳೆಯಿತು. ಮೋಕ್ಷಿತ ಗಾಡಿ ಹಾಕಿದ ಮೇಲೆ ಒಂದು ವರ್ಷವೂ ಹಬ್ಬದ ಊಟಕ್ಕೆ ಮನೆಯಲ್ಲಿ ಕೂತವನಲ್ಲ. ಹಬ್ಬದ ದಿನವೇ ಅವನಿಗೆ ವ್ಯಾಪಾರ. ಅವನ ಹಬ್ಬ ಮರುದಿನ ಸಂಜೆ. ಉಳಿದ ಶ್ಯಾವಿಗೆ, ಉಳಿದ ಕೋಳಿ, ಗಾಡಿಯಲ್ಲಿ ಮಿಕ್ಕಿದ ಕ್ಯಾಬೇಜು, ಎಲ್ಲವನ್ನೂ ಬಾಣಲೆಗೆ ಹಾಕಿ, "ಅಮ್ಮ, ಚೈನಾದವರ ಪರ್ಬ ಇವತ್ತು" ಎಂದು ನೂಡಲ್ಸ್ ಮಾಡುತ್ತಿದ್ದ. ಅವಳು "ಒಳ್ಳೆ ಶ್ಯಾವಿಗೆಯ ಜಾತಿ ಕೆಡಿಸ್ತಿ" ಎಂದು ಬೈಯುತ್ತಲೇ ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು.

ಅವಳು ಸೆರಗು ಸರಿಮಾಡಿಕೊಂಡು ಪೇಟೆಗೆ ಹೋದಳು. ಗಾಡಿ ನಿಲ್ಲುತ್ತಿದ್ದ ಜಾಗದ ಹಿಂದೆಯೇ ನೌಷಾದನ ಅಂಗಡಿ.

"ಆ ಕಪ್ಪು ನೀರು ಉಂಟಲ್ಲ, ಬಾಟ್ಲಿಯಲ್ಲಿ ಬರುದು. ಅದು ಕೊಡು."

"ಸೋಯಾ ಸಾಸಾ ಶೀಲಕ್ಕ? ಎಂತ, ಮುದಿಪ್ರಾಯದಲ್ಲಿ ಗಾಡಿ ಇಡ್ಲಿಕ್ಕೆ ಹೊರಟ್ರಾ?" ಎಂದು ನಗುತ್ತಾ ತಿರುಗಿದ ನೌಷಾದ್ ಅವಳ ಮುಖ ನೋಡಿ ನಗು ನಿಲ್ಲಿಸಿದ. ಮೇಲಿನ ಹಲಗೆಯಿಂದ ಒಂದು ಬಾಟ್ಲಿ ತೆಗೆದು, ಅದನ್ನು ಪುನಃ ಇಟ್ಟು, ಬೇರೆ ಬಾಟ್ಲಿ ತೆಗೆದ. "ಅವ ಇದನ್ನೇ ತಕೊಳ್ತಿದ್ದದ್ದು. ಅದು ಬರೀ ಉಪ್ಪು ಅಂತ ಬೈತಿದ್ದ." ಒಂದು ಕಾಗದದ ಪೊಟ್ಟಣದಲ್ಲಿ ಕಾಳುಮೆಣಸಿನ ಪುಡಿಯನ್ನೂ ಕಟ್ಟಿಕೊಟ್ಟ. "ಇದೂ ಬೇಕಾಗ್ತದೆ."

ಸಂಜೆ ಯಶಸ್ವಿ ಕೆಲಸದಿಂದ ಬಂದಾಗ ಅಡುಗೆಮನೆಯ ನೆಲದಲ್ಲಿ ಅತ್ತೆ ಕ್ಯಾಬೇಜು ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಬಾಟ್ಲಿ. ಯಶಸ್ವಿ ಬ್ಯಾಗು ಕೂಡ ಇಳಿಸದೆ ಬಾಗಿಲಲ್ಲೇ ನಿಂತಳು.

"ಇಷ್ಟು ದಪ್ಪ ಹೆಚ್ಚಿದ್ರೆ ಅವ್ರು ಮುಟ್ಟುದಿಲ್ಲ ಅತ್ತೆ. ಕೂದಲಿನ ಹಾಗೆ ಬೇಕು."

"ಹಾಗಾದ್ರೆ ನೀನೇ ಹೆಚ್ಚು. ನಂಗೆ ಬರುದು ಪಲ್ಯಕ್ಕೆ ಮಾತ್ರ."

ಯಶಸ್ವಿ ಕೈಕಾಲು ತೊಳೆದು ಬಂದು ಕೂತಳು. ಮದುವೆಯಾದ ಹೊಸತರಲ್ಲಿ ಸಂಜೆ ಗಾಡಿಯ ಹಿಂದೆ ನಿಂತು ಹೆಚ್ಚಿಕೊಡುತ್ತಿದ್ದವಳು ಅವಳೇ. ಶ್ಯಾವಿಗೆಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ, ಸಿಕ್ಕು ಬಿಡಿಸುವ ಹಾಗೆ ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿದಳು. ಸಾರಿನೊಳಗಿನ ಕೋಳಿಯ ತುಂಡುಗಳನ್ನು ತೆಗೆದು, ಎಲುಬಿನಿಂದ ಮಾಂಸ ಕಿತ್ತು, ಸಣ್ಣಗೆ ಹರಿದಳು. ಶೀಲಾವತಿ ಹಸಿಮೆಣಸು ಸೀಳಿಕೊಟ್ಟಳು.

"ಬಾಣಲೆ?" ಎಂದಳು ಯಶಸ್ವಿ.

ಶೆಡ್ಡಿಗೆ ಇಬ್ಬರೂ ಒಟ್ಟಿಗೆ ಹೋದರು. ಮೊಳೆಯಲ್ಲಿ ತೂಗುತ್ತಿದ್ದ ಬಾಣಲೆಯ ಒಳಮೈಗೆ ಜೇಡ ಬಲೆ ಕಟ್ಟಿತ್ತು. ಅಂಚಿನಿಂದ ಸಟ್ಟುಗದ ಹಿಡಿಗೆ ಒಂದು ಎಳೆ ಬಿಗಿಯಾಗಿ ಹಾದುಹೋಗಿತ್ತು, ಕಡಿದಿರಲಿಲ್ಲ; ಸಟ್ಟುಗವನ್ನು ಯಾರೂ ಮುಟ್ಟಿದ ಹಾಗಿರಲಿಲ್ಲ. ಶೀಲಾವತಿ ಅದನ್ನೇ ನೋಡುತ್ತಾ ನಿಂತಳು.

"ಇಷ್ಟು ದಿನ ಸಂಜೆ ಬಂದು ಇದನ್ನು ಬಡೀತಿದ್ದದ್ದು ನೀನಲ್ವಾ?" ಎಂದು ಕೇಳಿಯೇಬಿಟ್ಟಳು.

ಯಶಸ್ವಿ ಒಂದು ಹೆಜ್ಜೆ ಹಿಂದೆ ಸರಿದಳು. "ನಾನು ನೀವು ಅಂತ ಎಣಿಸಿದ್ದೆ ಅತ್ತೆ. ಕೇಳಿದ್ರೆ ನಿಮ್ಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ."

"ನಿನ್ನೆ ಜಗಲಿಯಲ್ಲಿ?"

"ನಿನ್ನೆ ನೀವು ನನ್ನ ಎದುರೇ ಇದ್ರಿ. ರಾತ್ರಿ ಇಡೀ ನಿದ್ದೆ ಬರ್ಲಿಲ್ಲ ನಂಗೆ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಆಮೇಲೆ ಶೀಲಾವತಿ ಬಲೆಯನ್ನು ಸೆರಗಿನಿಂದ ಒರೆಸಿ ಬಾಣಲೆ ಇಳಿಸಿದಳು. "ಹಸಿವು ಅಷ್ಟೇ," ಎಂದಳು. "ಹೆದರುದು ಎಂತಕ್ಕೆ? ನಮ್ಮ ಮೋಕ್ಷಿ ಅಲ್ವಾ."

ಒಲೆಯ ಉರಿ ಜೋರು ಮಾಡಿ ಯಶಸ್ವಿ ಎಣ್ಣೆ ಬಿಟ್ಟಳು. ಬೆಳ್ಳುಳ್ಳಿ, ಮೆಣಸು, ಕೋಳಿ, ಕ್ಯಾಬೇಜು. ಶ್ಯಾವಿಗೆ ಹಾಕಿದ ಮೇಲೆ ಸಟ್ಟುಗದಿಂದ ತಿರುವದೆ, ತುಂಡಾಗದ ಹಾಗೆ ಬಾಣಲೆಯನ್ನೇ ಎತ್ತಿ ಹಾರಿಸಿದಳು. ಸೋಯಾ ಸಾಸು ಬಿದ್ದಾಗ ಚುಂಯ್ ಎಂದು ಎದ್ದ ಹೊಗೆಯಲ್ಲಿ ಮೋಕ್ಷಿತನ ಅಂಗಿಯ ವಾಸನೆ ಇತ್ತು. ಶೀಲಾವತಿ ಕಣ್ಣೊರೆಸಿಕೊಂಡಳು. ಇಳಿಸುವಾಗ ಯಶಸ್ವಿಯ ಕೈ ತಾನಾಗಿಯೇ ಸಟ್ಟುಗವನ್ನು ಮೇಲೆತ್ತಿತು. ಬಡಿಯಲಿಲ್ಲ. ಮೆಲ್ಲಗೆ ಕೆಳಗಿಟ್ಟಳು.

ಒಳಕೋಣೆಯಲ್ಲಿ ಮೋಕ್ಷಿತನ ಅಪ್ಪನ ಎಲೆ ಇದ್ದ ಜಾಗದ ಪಕ್ಕ ಒಂದೇ ಒಂದು ಎಲೆ. ದೀಪ. ಬಡಿಸಿ ಕೈ ಮುಗಿಯುವಾಗ ಕೂಸಪ್ಪ ಹೇಳುವ ಮಾತು ಶೀಲಾವತಿಗೆ ಬಾಯಿಗೆ ಬರಲಿಲ್ಲ. "ತಂಗಳೇ ಮಗ," ಎಂದಳು. "ನಿನ್ನದೇ ಪರ್ಬ. ನಿನ್ನೆ ಅಮ್ಮನಿಗೆ ಮರ್ತುಹೋಯ್ತು. ಹೊಟ್ಟೆ ತುಂಬ ಉಣ್ಣು."

ಬಾಗಿಲೆಳೆದು ಇಬ್ಬರೂ ಜಗಲಿಯಲ್ಲಿ ಕೂತರು. ದಾರಿಯಲ್ಲಿ ಕಾಸರಗೋಡಿನ ಬಸ್ಸು ಹಾರ್ನ್ ಹಾಕಿ ಹೋಯಿತು. ಪಕ್ಕದ ಮನೆಯ ಮಕ್ಕಳು ಉಳಿದ ಪಟಾಕಿ ಹೊಡೆದು ಮುಗಿಸಿದರು. ಸದ್ದು ಬರುವ ಹೊತ್ತಾಯಿತು. ಬರಲಿಲ್ಲ.

ಬಾಗಿಲು ತೆಗೆದಾಗ ನೂಡಲ್ಸ್ ಇದ್ದ ಹಾಗೇ ಇತ್ತು, ತಣ್ಣಗಾಗಿತ್ತು, ಅಷ್ಟೇ. ಅದನ್ನು ಯಶಸ್ವಿ ಎರಡು ಪಾಲು ಮಾಡಿದಳು. ಹಿಂದಿನ ಸಂಜೆಯಿಂದ ಅವಳು ಬಾಯಿಗಿಟ್ಟ ಮೊದಲ ತುತ್ತು ಅದು. "ಸರಿಯಾಗಿದೆ," ಎಂದು ತಟ್ಟೆ ಖಾಲಿಯಾಗುವವರೆಗೆ ತಲೆಯೆತ್ತದೆ ಉಂಡಳು.

ಮರುದಿನವೂ ಸದ್ದು ಬರಲಿಲ್ಲ. ಅದರ ಮರುದಿನವೂ. ಮಗನ ಹೊಟ್ಟೆ ತುಂಬಿತು ಎಂದು ಶೀಲಾವತಿ ದೇವರಿಗೆ ಕೈ ಮುಗಿದಳು. ಅವಳು ಬಯಸಿದ್ದೂ ಅದನ್ನೇ.

ಆದರೂ ಈಗಲೂ ದೀಪ ಹಚ್ಚಿದ ಮೇಲೆ ಬೀಡಿ ಸುತ್ತುವ ಅವಳ ಕೈ ಒಮ್ಮೆ ನಿಲ್ಲುತ್ತದೆ. ಅದೇ ಹೊತ್ತಿಗೆ ಹಿತ್ತಲಿನಲ್ಲಿ ಯಶಸ್ವಿ ನಲ್ಲಿ ನಿಲ್ಲಿಸುತ್ತಾಳೆ. ಅತ್ತೆ ಅಲ್ಲಿ, ಸೊಸೆ ಇಲ್ಲಿ, ಇಬ್ಬರೂ ಶೆಡ್ಡಿನ ಕಡೆ ಕಿವಿಗೊಟ್ಟು ಕಾಯುತ್ತಾರೆ. ಆಮೇಲೆ ನಲ್ಲಿಯ ನೀರು ಪುನಃ ಕೊಡಕ್ಕೆ ಬೀಳುತ್ತದೆ.