ನಾನೇ ಹಾಕಿದ ತೇಪೆ

ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ನೆನೆಸಬಾರದು ಎನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮಳೆಗಾಲದಲ್ಲಿ ಹೊಡೆಯುವ ಔಷಧಿ ಅದರಿಂದಲೇ ಆಗುವುದು. ಮೈಲುತುತ್ತದ ನೀಲಿ ನೀರಿಗೆ ಸುಣ್ಣದ ನೀರು ಸೇರಿಸಿ, ಹದ ಬಂತೋ ಇಲ್ಲವೋ ಎಂದು ತಿಳಿಯಲು ಉಜ್ಜಿ ಬೆಳಗಿದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಕಬ್ಬಿಣವನ್ನು ತಿನ್ನುವ ನೀರು ಅದು. ಇಷ್ಟೆಲ್ಲ ತಿಳಿದ ನಾವೇ ಆ ನೀಲಿ ನೀರನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಡ್ರಮ್ಮನ್ನು ಕಬ್ಬಿಣದ ಗಾಡಿಗೆ ಹೇರಿ, ಮುಚ್ಚಳ ಸರಿಯಾಗಿ ಕೂರದಿದ್ದರೂ ನಡೆಯುತ್ತದೆ ಬಿಡು ಎಂದು ತೋಟದಿಂದ ತೋಟಕ್ಕೆ ತಿರುಗಿದವರು. ಪ್ರತಿ ತಿರುವಿನಲ್ಲೂ ಒಂದೊಂದು ಚೆಂಬಿನಷ್ಟು ಚೆಲ್ಲುತ್ತಿತ್ತು. ಅದು ಎಲ್ಲಿಗೆ ಇಳಿಯುತ್ತದೆ ಎಂದು ಯಾರೂ ಬಗ್ಗಿ ನೋಡಲಿಲ್ಲ.

ನನ್ನದು ಕಮ್ಮರಡಿಯಲ್ಲಿ ರಸ್ತೆ ಬದಿಯ ವೆಲ್ಡಿಂಗ್ ಶೆಡ್. ಗೇಟು, ಕಿಟಕಿಯ ಗ್ರಿಲ್ಲು, ಟಿಲ್ಲರಿನ ಮುರಿದ ಹಿಡಿ, ಗಾಡಿಯ ಚಾಸಿ, ಕಬ್ಬಿಣದ್ದು ಏನು ಬಂದರೂ ಬೇಡ ಎನ್ನುವುದಿಲ್ಲ. ನಾಲಿಗೆ ಮಾತ್ರ ಸ್ವಲ್ಪ ಹರಿತ. ಬೇರೆಯವರ ಕೆಲಸ ಕಂಡರೆ ಬಾಯಿ ಕಟ್ಟಿಕೊಂಡಿರಲು ಆಗುತ್ತಿರಲಿಲ್ಲ. "ಇದನ್ನ ವೆಲ್ಡ್ ಮಾಡಿದ್ದಾ, ಗೋಂದು ಹಾಕಿ ಅಂಟಿಸಿದ್ದಾ?" ಎಂದು ಎಷ್ಟು ಜನರನ್ನು ಕೇಳಿದ್ದೇನೋ ನನಗೇ ನೆನಪಿಲ್ಲ. ಈಗ ಆ ಮಾತು ಆಡುವುದಿಲ್ಲ.

ಭಾವನ, ಅಂದರೆ ನನ್ನ ಅಕ್ಕನ ಗಂಡನ, ಪಿಕಪ್ಪು ಹದಿನೈದು ವರ್ಷದ್ದು. ಬೇಸಿಗೆಯಲ್ಲಿ ಅಡಿಕೆ ಮೂಟೆ, ಮಳೆಗಾಲದಲ್ಲಿ ಕೊನೆಗಾರರು. ಮರ ಹತ್ತಿ ಅಡಿಕೆಯ ಕೊನೆ ಇಳಿಸುವ, ಔಷಧಿ ಹೊಡೆಯುವ ಆರು ಜನರ ತಂಡ ಅದು. ಡ್ರಮ್ಮು, ಪಂಪು, ಪೈಪಿನ ಸುರುಳಿಗಳ ನಡುವೆ ಹಿಂದೆ ನಿಂತುಕೊಂಡೇ ಹೋಗುತ್ತಿದ್ದರು. ಒಂದು ದಿನ ಶೃಂಗೇರಿ ಕಡೆಯ ತೋಟ, ಇನ್ನೊಂದು ದಿನ ಮುತ್ತಿನಕೊಪ್ಪ, ಮತ್ತೊಂದು ದಿನ ಕಡಹಿನಬೈಲು. ಆ ಗಾಡಿ ನಿಂತರೆ ಭಾವನ ದುಡಿಮೆ ನಿಂತ ಹಾಗೆ.

ಕಳೆದ ವರ್ಷ ಮೇ ತಿಂಗಳಲ್ಲಿ ಭಾವ ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಗಾಡಿ ರಸ್ತೆಗೆ ಯೋಗ್ಯ ಎನ್ನುವ ಎಫ್‌ಸಿ ಕಾಗದದ ಅವಧಿ ಮುಗಿಯುತ್ತಾ ಬಂದಿತ್ತು.

"ಅಡಿಗೆ ಒಂಚೂರು ಬಣ್ಣ ಹೊಡ್ದು ಕೊಡು ಮಾರಾಯ. ಮಳೆ ಹಿಡಿಯೋದ್ರೊಳಗೆ ಎಫ್‌ಸಿ ಮಾಡಿಸ್ಬೇಕು."

"ಬಣ್ಣ ಹೊಡಿಯೋಕೆ ನಾನೆಂತ ನಾಟಕದವನಾ ಭಾವ? ಮೊದ್ಲು ಬಡಿದು ನೋಡ್ತೀನಿ" ಎಂದೆ.

ಜಾಕ್ ಕೊಟ್ಟು, ನಾಲ್ಕೂ ಕಡೆ ಮರದ ದಿಮ್ಮಿ ಇಟ್ಟು, ಗೋಣಿಚೀಲ ಹಾಸಿಕೊಂಡು ಅಡಿಗೆ ನುಗ್ಗಿದೆ. ಚಾಸಿ, ಅಂದರೆ ಗಾಡಿಯ ಭಾರವೆಲ್ಲ ಹೊರುವ ಅಡಿಯ ಚೌಕಟ್ಟು, ನೋಡುವುದು ಕಣ್ಣಿನ ಕೆಲಸಕ್ಕಿಂತ ಕಿವಿಯ ಕೆಲಸ. ಸಣ್ಣ ಸುತ್ತಿಗೆಯಲ್ಲಿ ಗೇಣು ಗೇಣಿಗೂ ಬಡಿಯುತ್ತಾ ಹೋಗಬೇಕು. ಒಳ್ಳೆಯ ಕಬ್ಬಿಣ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಮೇಲೆ ಕೂತ ಕೆಂಪು ತುಕ್ಕಿಗೆ ಹೆದರಬೇಕಿಲ್ಲ, ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ. ಹಪ್ಪಳದ ಹಾಗೆ ಪದರ ಪದರ ಏಳುವುದಕ್ಕೆ ಹೆದರಬೇಕು. ಅಂಥ ಕಡೆ ಸ್ಕ್ರೂಡ್ರೈವರ್ ಒತ್ತಿ, ಒಳಗೆ ಹೋದರೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಬಲಗಡೆ ಎರಡು ಸಣ್ಣ ಗುರುತು ಬಿದ್ದವು. ಎಡಗಡೆಯೂ ಹೆಚ್ಚುಕಮ್ಮಿ ಗಟ್ಟಿಯಾಗಿಯೇ ಇತ್ತು.

ಎಡಗಡೆ, ಡ್ರಮ್ಮು ಇಡುವ ಮೂಲೆಯ ಅಡಿಯಲ್ಲಿ, ಅದಕ್ಕೂ ಆರು ವರ್ಷದ ಹಿಂದೆ ನಾನೇ ಹಾಕಿದ ಒಂದು ತೇಪೆ ಇತ್ತು. ಮೊಳದುದ್ದದ ಪ್ಲೇಟು. ಅದನ್ನು ಬಿಟ್ಟು ಮುಂದೆ ಹೋದೆ.

"ಅದಕ್ಕೂ ಒಂದು ಏಟು ಹಾಕು" ಎಂದರು ಭಾವ, ಹೊರಗೆ ಕುಕ್ಕರುಗಾಲಲ್ಲಿ ಕೂತು.

"ಅದು ನಾನು ಹಾಕಿದ್ದು ಭಾವ. ಗಾಡಿ ಗುಜರಿಗೆ ಹೋದ್ರೂ ಆ ಪ್ಲೇಟು ಉಳೀತದೆ."

ಭಾವ ನಕ್ಕು, ಬಣ್ಣ ಮತ್ತು ಬ್ರಷ್ಷು ತರಲು ಕೊಪ್ಪದ ಬಸ್ಸು ಹತ್ತಿದರು.

ಅವರು ಹೋದ ಮೇಲೆ, ಮಲಗಿದಲ್ಲಿಂದಲೇ, ಪ್ಲೇಟಿನ ಕೆಳಗಿನ ಅಂಚಿನಲ್ಲಿ ಒಂದು ಹಸಿರು ಗೆರೆ ಕಾಣಿಸಿತು. ದೇವರ ಮನೆಯ ತಾಮ್ರದ ತಂಬಿಗೆಯನ್ನು ತೊಳೆಯದೆ ಬಿಟ್ಟರೆ ಹಿಡಿಯುವಂಥ ಹಸಿರು. ನೋಡದ ಹಾಗೆ ಮುಖ ತಿರುಗಿಸಿದೆ, ಸುಳ್ಳು ಯಾಕೆ ಹೇಳಲಿ. ಮತ್ತೆ ಅಲ್ಲಿಗೇ ಕಣ್ಣು ಹೋಯಿತು. ಸುತ್ತಿಗೆ ಎತ್ತಿ ಬಡಿದೆ. ಡಬ್ ಎಂದಿತು.

ಗ್ರೈಂಡರ್ ಹಿಡಿದು ಪ್ಲೇಟನ್ನು ಅಂಚಿನ ಕಬ್ಬಿಣದ ಸಮೇತ ಕತ್ತರಿಸಿ ತೆಗೆದೆ. ಕಪ್ಪು ಪುಡಿ, ಒದ್ದೆಯಾದದ್ದು, ಮುಖದ ಮೇಲೆ ಸುರಿಯಿತು. ನನ್ನ ಮಾತು ನಿಜವೇ ಆಗಿತ್ತು. ಪ್ಲೇಟು ಹೊಸದರ ಹಾಗೆ ಗಟ್ಟಿಯಾಗಿತ್ತು. ಅದರ ಹಿಂದೆ ಚಾಸಿಯೇ ಇರಲಿಲ್ಲ, ಮೂರು ಬೆರಳು ತೂರುವಷ್ಟು ತೂತು ಇತ್ತು.

ಏನಾಗಿತ್ತು ಎಂದು ನೆನಪು ಮಾಡಿಕೊಳ್ಳುವ ಕಷ್ಟವೇನೂ ಇರಲಿಲ್ಲ. ಆ ದಿನ ಸಂಜೆಯೊಳಗೆ ಒಂದು ಗೃಹಪ್ರವೇಶದ ಮನೆಗೆ ಗೇಟು ಕೂರಿಸಿ ಬರಬೇಕಿತ್ತು. ಹಳೆಯ ತುಕ್ಕನ್ನು ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ ತೆಗೆಯುವ ತಾಳ್ಮೆ ನನಗಿರಲಿಲ್ಲ. ತುಕ್ಕಿನ ಮೇಲೆಯೇ ಪ್ಲೇಟು ಇಟ್ಟು ಮೂರು ಬದಿ ವೆಲ್ಡ್ ಮಾಡಿದೆ. ಮೇಲಿನ ಬದಿಗೆ ವೆಲ್ಡಿಂಗ್ ರಾಡು ಹೋಗುತ್ತಿರಲಿಲ್ಲ, ಅದಕ್ಕೆ ಸಾಮಾನು ಹೇರುವ ಹಿಂದಿನ ಬಾಡಿ ಬಿಚ್ಚಿ ಎತ್ತಬೇಕಿತ್ತು. ಎತ್ತಲಿಲ್ಲ. ಡ್ರಮ್ಮಿನಿಂದ ಚೆಲ್ಲಿದ ನೀಲಿ ನೀರು ಒಳಗೆ ಬರಲು ದಾರಿ ಬಿಟ್ಟಿದ್ದೆ, ಹೊರಗೆ ಹೋಗಲು ಬಿಟ್ಟಿರಲಿಲ್ಲ. ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು, "ಹೊಸದಕ್ಕಿಂತ ಗಟ್ಟಿ ಭಾವ" ಎಂದು ಬೆನ್ನು ತಟ್ಟಿಕೊಂಡಿದ್ದೆ.

ಆರು ಮಳೆಗಾಲ ಆರು ಜನ ಇದರ ಮೇಲೆ ನಿಂತು ಹೋಗಿದ್ದಾರೆ ಎಂದು ಆಗ ಹೊಳೆಯಿತು. ಆಮೇಲೆ ಮಾಡಿದ್ದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಕತ್ತರಿಸಿದ ತುಂಡನ್ನು ಒಯ್ದು ಗುಜರಿ ರಾಶಿಯ ಅಡಿಗೆ ತುರುಕಿದೆ. ಚಾಸಿಗೆ ಹೊಸ ಕಬ್ಬಿಣದ ಚಾನೆಲ್ ತುಂಡು ಹಾಕಿ ಬಣ್ಣ ಬಳಿದರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ.

ಕೈ ತೊಳೆಯುವಷ್ಟರಲ್ಲಿ ಕೊನೆಗಾರರ ತಂಡದ ಹಿರಿಯರು ಬಂದರು. ಅರವತ್ತರ ಹತ್ತಿರದ ವಯಸ್ಸು, ಈಗಲೂ ಮರ ಹತ್ತುತ್ತಾರೆ. ಗಾಡಿ ಯಾವಾಗ ಆಗುತ್ತದೆ ಎಂದು ಕೇಳಿ ಹೋಗಲು ಬಂದವರು. ಚಾಸಿಯಲ್ಲಿ ಸ್ವಲ್ಪ ಕೆಲಸ ಇದೆ ಎಂದೆ.

"ಮಾಡಿ, ಮಾಡಿ. ನೀವು ಹಾಕಿದ್ದು ಅಂದ್ರೆ ನಾವು ಬಗ್ಗಿ ನೋಡೋದೇ ಇಲ್ಲ ಮಾರಾಯ್ರೆ. ನಮಗೆ ಹೆದ್ರಿಕೆ ಏನಿದ್ರೂ ಮರದ ಮೇಲೆ. ಗಾಡಿ ಹತ್ತಿದ್ಮೇಲೆ ಆರಾಮ."

ಅವರು ಅದನ್ನು ಹೊಗಳಿಕೆ ಎಂದು ಹೇಳಲಿಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದರು. ಅಷ್ಟರಲ್ಲಿ ಬಸ್ಸಿಳಿದು ಭಾವನೂ ಬಂದರು. ನಾನು ರಾಶಿಗೆ ಕೈ ಹಾಕಿ, ತುಂಡನ್ನು ಎಳೆದು ತೆಗೆದು ಇಬ್ಬರ ಎದುರಿಗೂ ಇಟ್ಟೆ.

ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಮುಖ ನೋಡಲಿಲ್ಲ. ಹಿರಿಯರ ಕಡೆ ತಿರುಗಿ, "ತಪ್ಪು ನಂದು. ಆವತ್ತು ಇವ ಇನ್ನೊಂದು ದಿನ ಗಾಡಿ ಬಿಟ್ಟು ಹೋಗಿ ಅಂದಿದ್ದ. ನಾನೇ ಗಡಿಬಿಡಿ ಮಾಡಿದ್ದು" ಎಂದರು.

ನಾನು ಹಾಗೆ ಅಂದೇ ಇರಲಿಲ್ಲ. ಹೆಂಡತಿಯ ತಮ್ಮನ ಮಾನ ಹೋಗಬಾರದು ಎಂದು ಆ ಮನುಷ್ಯ ನಿಂತ ನಿಲುವಿನಲ್ಲಿ ಸುಳ್ಳು ಹೇಳಿದ್ದರು. ತಲೆ ಅಲ್ಲಾಡಿಸಿದ್ದರೆ ಸಾಕಿತ್ತು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಗಳಿಗೆ ಅಲ್ಲಾಡಿಸಲೂ ಹೊರಟಿದ್ದೆ.

"ಇಲ್ಲ. ಭಾವ ಎಂತದೂ ಗಡಿಬಿಡಿ ಮಾಡ್ಲಿಲ್ಲ. ನಂಗೇ ಬೇರೆ ಕೆಲಸ ಇತ್ತು. ತುಕ್ಕಿನ ಮೇಲೇ ಪ್ಲೇಟು ಮುಚ್ಚಿದೆ. ಈಗ ಇದನ್ನ ಅಡಗ್ಸಿದ್ದೂ ನಾನೇ" ಎಂದೆ.

ಹಿರಿಯರು ಗಾಡಿಯ ಅಡಿಗೆ ಬಗ್ಗಿದರು. ಬಹುಶಃ ಮೊದಲ ಸಲ. ತೂತಿಗೆ ಬೆರಳು ತೂರಿಸಿ ನೋಡಿದರು. "ನಾನು ನಿಲ್ಲೋದು ಇದೇ ಮೂಲೇಲಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಹನ್ನೊಂದು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಬಾಡಿ ಬಿಚ್ಚಿ ಇಳಿಸಿದೆ. ಒಳ್ಳೆಯ ಕಬ್ಬಿಣ ಸಿಗುವವರೆಗೆ ಎರಡೂ ಕಡೆ ಕತ್ತರಿಸುತ್ತಾ ಹೋದೆ. ಅಷ್ಟೇ ದಪ್ಪದ ಹೊಸ ಚಾನೆಲ್ ಕೂರಿಸಿ, ಒಳಗಿನಿಂದ ಆಸರೆಯ ಪ್ಲೇಟು ಕೊಟ್ಟು, ನಾಲ್ಕೂ ಬದಿ ವೆಲ್ಡ್ ಮಾಡಿದೆ. ನೀರು ಇಳಿದು ಹೋಗಲು ಅಡಿಯಲ್ಲಿ ತೂತು ಕೊರೆದೆ. ಉಳಿದ ಚಾಸಿಯ ತುಕ್ಕನ್ನೆಲ್ಲ ಉಜ್ಜಿ, ತುಕ್ಕು ಹಿಡಿಯದಂತೆ ತಡೆಯುವ ದ್ರಾವಣ ಹಚ್ಚಿ ಒಣಗಿಸಿ, ಎರಡು ಕೈ ರೆಡ್ ಆಕ್ಸೈಡ್, ಮೇಲೆ ಎರಡು ಕೈ ಕಪ್ಪು ಬಣ್ಣ. ಡ್ರಮ್ಮಿನ ಅಡಿಗೆ ಅಗಲವಾದ ಪ್ಲಾಸ್ಟಿಕ್ ತಟ್ಟೆ, ಮುಚ್ಚಳಕ್ಕೆ ಬೆಲ್ಟು. ಅಷ್ಟು ಮಾಡಿ, ಗಾಡಿಯನ್ನು ಎನ್.ಆರ್. ಪುರದ ಒಬ್ಬ ಹಳೆಯ ವೆಲ್ಡರ್ ಹತ್ತಿರ ಒಯ್ದು ನನ್ನ ಕೆಲಸ ನೋಡಿ ಎಂದು ಕೇಳಿಕೊಂಡೆ. ಹಿಂದೊಮ್ಮೆ ನಾನು ಗೋಂದಿನ ಮಾತು ಹೇಳಿದ್ದು ಅವರಿಗೇ. ಅವರು ಬಡಿದು ನೋಡಿ, ಸರಿ ಇದೆ ಎಂದಷ್ಟೇ ಹೇಳಿ ಕಳಿಸಿದರು.

ಎಫ್‌ಸಿ ಆಯಿತು. ಔಷಧಿ ಹೊಡೆಯುವ ಮೊದಲ ದಿನ ಬೆಳಿಗ್ಗೆ ತಂಡದವರು ನನ್ನ ಶೆಡ್ಡಿನ ಮುಂದೆಯೇ ಗಾಡಿ ಹತ್ತುವವರಿದ್ದರು. ಹಿರಿಯರು ಸೊಂಟದಿಂದ ಕತ್ತಿ ತೆಗೆದು, ಬಗ್ಗಿ, ಅದರ ಬೆನ್ನಿನಿಂದ ಚಾಸಿಗೆ ಬಡಿದು ಕಿವಿಗೊಟ್ಟರು. ಟಣ್ ಎಂದಿತು. ಇನ್ನೊಂದು ಕಡೆಯೂ ಬಡಿದರು. ಆಮೇಲೆ ಉಳಿದವರಿಗೆ ಹತ್ತಿ ಎಂದು ಸನ್ನೆ ಮಾಡಿದರು. ಈ ವರ್ಷವೂ ದಿನಾ ಹಾಗೆಯೇ ಮಾಡುತ್ತಾರೆ ಎಂದು ಭಾವ ಹೇಳಿದರು.

ಮೊನ್ನೆ ನನ್ನ ಶೆಡ್ಡಿನ ಮುಂದೆ ಹಿರಿಯರು ಮತ್ತೆ ಬಡಿದು ನೋಡಿದಾಗ ತಡೆಯಲಾರದೆ ಕೇಳಿಬಿಟ್ಟೆ, "ಇನ್ನೂ ನಂಬಿಕೆ ಬರ್ಲಿಲ್ವಾ?"

"ಕತ್ತಿ ಅದ್ದಿ ನೋಡ್ದೆ ಔಷಧಿನ ಮರಕ್ಕೆ ಏರಿಸ್ತೀವಾ ಮಾರಾಯ್ರೆ?" ಎಂದು ನಕ್ಕರು. ಆ ನಗುವಿನಲ್ಲಿ ಸಿಟ್ಟು ಇರಲಿಲ್ಲ. ನನಗೆ ಸಮಾಧಾನವೇ ಆಯಿತು.

ಗಾಡಿ ಹೊರಟಿತು. ತಿರುವಿನವರೆಗೂ ನೋಡುತ್ತಾ ನಿಂತಿದ್ದೆ. ಆರೂ ಜನ ಬಲಗಡೆಗೆ ಒತ್ತಿಕೊಂಡು ನಿಂತಿದ್ದರು. ಹಿರಿಯರು ಮೊದಲು ನಿಲ್ಲುತ್ತಿದ್ದ ಎಡಗಡೆ ಮೂಲೆಯಲ್ಲಿ ಡ್ರಮ್ಮು ಒಂದೇ ಇತ್ತು.