ಹೆಸರು ಹಾಕದ ವಾಮನಣ್ಣ

ವಾಮನಣ್ಣ ಚಿತ್ರ ಬರೆಯುವಾಗ ಎಡಗೈಯನ್ನು ಗೋಡೆಯಂತೆ ಅಡ್ಡ ಇಟ್ಟುಕೊಳ್ಳುತ್ತಿದ್ದರು. ಪಕ್ಕದವರು ಕದ್ದು ನೋಡುತ್ತಾರೆಂಬ ಗುಮಾನಿ. ಚಹಾಕ್ಕೆ ಎದ್ದರೂ ಹಾಳೆಯನ್ನು ಮಗುಚಿಟ್ಟೇ ಹೋಗುವರು.

ತೊಂಬತ್ತರ ದಶಕದ ಕೊನೆ. ಗಲ್ಫಿನ ಕರಾಮ ಪೇಟೆಯ ಬೋರ್ಡ್ ಅಂಗಡಿಯೊಂದರಲ್ಲಿ ಅವರು ಚಿತ್ರಕಾರ, ನಾನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವಳು. ಇಬ್ಬರೂ ಉಡುಪಿ ಕಡೆಯವರು. ವಾಮನಣ್ಣ, ಹರೆಯದಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಮಕ್ಕಳ ವಾರಪತ್ರಿಕೆಯೊಂದಕ್ಕೆ ಇಪ್ಪತ್ತು ವರ್ಷ ಕಾಮಿಕ್ಸ್ ಬರೆದೆ ಎನ್ನುತ್ತಿದ್ದರು.

"ಅದ್ರಲ್ಲಿ ನಿಮ್ಮ ಹೆಸರೆಲ್ಲಿ ಉಂಟು?" ಎಂದು ಕೇಳಿದರೆ, "ಹಾಕ್ಲಿಕ್ಕೆ ಬಿಡ್ತಿರ್ಲಿಲ್ಲ ಮಾರಾಯ್ತಿ. ಮೂಲೆಯಲ್ಲಿ ಸಣ್ಣಕ್ಕೆ ಹಾಕಿದ್ರೂ ಬಿಳಿ ಬಣ್ಣ ಬಳಿದು ಅಳಿಸ್ತಿದ್ರು" ಎನ್ನುವರು.

ಅಂಗಡಿಯವರು ಮುಸಿಮುಸಿ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ.

ಒಂದು ದಿನ ಅಂಗಡಿಯ ವಿಳಾಸಕ್ಕೆ ಇಂಗ್ಲೆಂಡಿನಿಂದ ಕಾಗದ ಬಂತು. ಅಲ್ಲಿನ ಹಿರಿಯ ಕಾಮಿಕ್ಸ್ ಕಲಾವಿದರನ್ನು ಗೌರವಿಸುವ ಪ್ರಶಸ್ತಿಗೆ ವಾಮನಣ್ಣನನ್ನು ಆರಿಸಿ ಸಮಾರಂಭಕ್ಕೆ ಕರೆದಿದ್ದರು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಅಂಚೆಚೀಟಿಯನ್ನು ಉಗುರಿನಿಂದ ಕೆರೆದರು, ಆಮೇಲೆ ನೇರ ನನ್ನ ಮೇಜಿಗೆ ಬಂದರು.

"ಇದು ನಿನ್ನ ಕಂಪ್ಯೂಟರಿನದ್ದೇ ಕಿತಾಪತಿ ಅಲ್ವಾ? ಎಷ್ಟು ಜನ ಸೇರಿದ್ದೀರಿ?"

"ದೇವರಾಣೆ ನಾನಲ್ಲ, ವಾಮನಣ್ಣ."

"ಹೆಸರೇ ಹಾಕದವನ ಹೆಸರು ಅವರಿಗೆ ಹೇಗೆ ಗೊತ್ತಾಯ್ತು ಮತ್ತೆ?"

ನಾಲ್ಕು ದಿನ ಮಾತು ಬಿಟ್ಟರು. ಐದನೆಯ ದಿನ ನಾನೇ ಅವರನ್ನು ರಸ್ತೆಬದಿಯ ಫೋನ್ ಬೂತಿಗೆ ಎಳೆದೊಯ್ದು ಕಾಗದದಲ್ಲಿದ್ದ ನಂಬರು ಒತ್ತಿದೆ. ಆ ಕಡೆ ಸಿಕ್ಕಿದವರು ಅದೇ ವಾರಪತ್ರಿಕೆಯ ಹಳೆಯ ಸಂಪಾದಕರು. ಯಾವ ಪುಟ ಯಾರು ಬರೆದದ್ದೆಂದು ಅವರು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟಿದ್ದರಂತೆ. ವಾಮನಣ್ಣನಿಗೆ ಅಷ್ಟು ಸಾಲಲಿಲ್ಲ.

"ನನ್ನಿಂದಾದ ದೊಡ್ಡ ತಪ್ಪು ಯಾವುದು, ಹೇಳಿ" ಎಂದು ಇಂಗ್ಲಿಷಿನಲ್ಲಿ ಗದರಿದರು.

ಉತ್ತರ ಹೊರಗೆ ನಿಂತ ನನಗೂ ಕೇಳಿಸಿತು: "ಐದು ಕಾಲಿನ ನಾಯಿ! ಅಚ್ಚಾದ ಮೇಲಲ್ಲವೇ ನಾವು ನೋಡಿದ್ದು?"

ವಾಮನಣ್ಣ ರಿಸೀವರನ್ನು ನನ್ನ ಕೈಗೆ ಕೊಟ್ಟು ಫುಟ್‌ಪಾತಿನ ಅಂಚಿನಲ್ಲಿ ಕುಳಿತರು. ಬರುತ್ತಾರೆಂದು ನಾನೇ ಒಪ್ಪಿಕೊಂಡೆ.

ಅವರು ಹೊರಟ ದಿನ ವಿಮಾನನಿಲ್ದಾಣದಲ್ಲಿ ನನಗೆ ತಡೆಯಲಾಗಲಿಲ್ಲ. "ವಾಮನಣ್ಣ, ನಾನೂ ನಿಮ್ಮನ್ನು ನಂಬಿರಲಿಲ್ಲ" ಎಂದೆ.

"ಅದು ನನಗೆ ಗೊತ್ತಿತ್ತು ಮಾರಾಯ್ತಿ" ಎಂದರು. "ಆದ್ರೂ ಎದ್ದು ಹೋಗದೆ ಪೂರ್ತಿ ಕೇಳ್ತಿದ್ದದ್ದು ನೀನೊಬ್ಬಳೇ."

ಪ್ರಶಸ್ತಿ ಪಡೆದು ಅಲ್ಲಿಂದ ನೇರ ಊರಿಗೆ ಹೋದರಂತೆ. ಮರುವರ್ಷ ತೀರಿಕೊಂಡ ಸುದ್ದಿ ಬಂದಾಗ ಅಂಗಡಿಯಲ್ಲಿ ಯಾರೂ ನಗಲಿಲ್ಲ.