ಗ್ವಾಡಿ ದಾಟಬಾರದ ಪದ

ಸೂಗಮ್ಮನ ಸಿಟ್ಟಿಗೂ ಒಂದು ಲೆಕ್ಕ ಇತ್ತು. ಅಂಗಳದಾಗ ಆಡು ಹಿಕ್ಕಿ ಹಾಕಿದರೆ, ಆಡು ಯಾರದು ಅಂತ ಮೊದಲು ವಿಚಾರಿಸಿ, ಎಷ್ಟು ಬೈಯಬೇಕು ಅನ್ನೋದನ್ನ ಆಮೇಲೆ ಠರಾಯಿಸುತ್ತಿದ್ದಳು. ವಾರಗಿತ್ತಿ ಉಮಾಶ್ರೀಯ ಬಾಬತ್ತಿನಾಗ ಮಾತ್ರ ವಿಚಾರಣೆ ಅನ್ನೋದೇ ಇರಲಿಲ್ಲ. ಆಕಿ ಕೆಮ್ಮಿದರೂ ತನ್ನನ್ನ ಅಣಕಿಸಲಿಕ್ಕೇ ಕೆಮ್ಮಿದಳು ಅಂತ ಸೂಗಮ್ಮ ನಂಬಿದ್ದಳು.

ಶಹಾಪುರದ ಹಳೇ ಊರಾಗ ಅವರದು ಒಂದೇ ಮನೆ. ಅಣ್ಣತಮ್ಮಂದಿರು ಬ್ಯಾರೆ ಆದಾಗ ಪಡಸಾಲೆಯ ನಟ್ಟನಡುವೆ ಒಂದು ಗ್ವಾಡಿ ಎದ್ದಿತು. ಅದೂ ಒಂದೇ ಇಟ್ಟಂಗಿ ದಪ್ಪದ್ದು. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆಯವರು ಸೀನುತ್ತಿದ್ದರು. ಹಿರಿಯವ ನೀಲಕಂಠ ಸೂಗಮ್ಮನ ಗಂಡ, ಅಡತಿ ಅಂಗಡಿಯಾಗ ತೊಗರಿ ತೂಗೋ ಮನುಷ್ಯ, ಬಾಯಿಲ್ಲದವ. ಕಿರಿಯವನ ಹೆಂಡತಿ ಉಮಾಶ್ರೀ, ಸುರಪುರದ ಕಡೆಯಾಕಿ, ನಗುಮುಖದಾಕಿ. ಆ ನಗುವೇ ಸೂಗಮ್ಮಗೆ ಕಣ್ಣಾಗಿನ ಕಸ.

ಗ್ವಾಡಿ ಎದ್ದ ಮೇಲೆ ಉಮಾಶ್ರೀ ಒಂದು ಸ್ಪೀಕರ್ ಡಬ್ಬಿ ತಂದು, ಬೇಕಂತಲೇ ಅನ್ನುವ ಹಾಗೆ, ಆ ಗ್ವಾಡಿಗೇ ಆನಿಸಿ ಇಟ್ಟಳು. ಬೆಳಕು ಹರಿದರೆ ಸಾಕು, ಸಿನಿಮಾದ ಹಾಡು. ಸೂಗಮ್ಮನ ಮಾಡದ ಮೇಲಿನ ತಾಟುಗಳು ತಾವೂ ಕುಣಿಯುತ್ತಿದ್ದವು.

"ಸ್ವಲ್ಪ ಸಣ್ಣ ಮಾಡವಾ, ತಲಿ ಸೀಳಾಕತ್ತದ," ಅಂತ ಒಂದು ಸಲ ಹೇಳಿ ನೋಡಿದಳು.

"ನಿಮ್ಮ ಕಡಿ ಹಾಡು ಇಲ್ಲಲ್ಲ ಅಕ್ಕಾ, ಪುಕ್ಕಟ ಕೇಳ್ರಿ ಅಂತ ಹಚ್ಚೀನಿ," ಅಂತ ಉತ್ತರ ಬಂತು.

ಆ ಮಾತು ಸೂಗಮ್ಮನ ಎದೆಗೆ ಮುಳ್ಳು ಮುರಿದಂತೆ ಕೂತಿತು. ಹಾಡು ಇಲ್ಲ ಅಂದಳಾ? ಈ ಮನೆತನದ ಹಾಡು ಇರೋದೇ ನನ್ನ ಹತ್ತರ.

ಅದು ಸುಳ್ಳಲ್ಲ. ಅತ್ತೆ ಮಲ್ಲಾಬಾಯಿ ಒಂದು ಸುರಗಿ ಪದ ಕಟ್ಟಿದ್ದಳು. ಮದುವೆಯಾಗ ತಂಬಿಗೆ ಇಟ್ಟು, ಸುತ್ತಲೂ ಹಸಿ ನೂಲು ಸುತ್ತಿ, ನಡುವೆ ಮದುಮಗಳನ್ನ ಕೂಡ್ರಿಸಿ ಅರಿಷಿಣದ ನೀರು ಹಾಕುವಾಗ ಹಾಡೋ ಪದ. ಬಳಗದಾಗ ಯಾವ ಮದುವೆ ಆದರೂ ಮಲ್ಲಾಬಾಯಿ ಬಂದು ಆ ಪದ ಮುಗಿಸೋತನಕ ನೂಲು ಹರಿಯುತ್ತಿರಲಿಲ್ಲ. ಹಾಡಿದಾಕಿಗೇ ಮೊದಲ ಉಡಿ ತುಂಬೋದು. ಬಳಗದ ಮುಂದೆ ಮೊದಲ ಉಡಿ ಅಂದರೆ ಮನೆತನದ ಹಿರಿತನ ಯಾರ ಕೈಯಾಗ ಅದ ಅನ್ನೋದಕ್ಕೆ ಠಸ್ಸೆ ಒತ್ತಿದಂಗ.

ಮಲ್ಲಾಬಾಯಿ ಹಾಸಿಗೆ ಹಿಡಿದದ್ದು ಸೂಗಮ್ಮನ ಕಡೆಯ ಪಡಸಾಲೆಯಾಗ. ಎತ್ತಿ ಕೂಡ್ರಿಸಿದಾಕಿ, ತೊಳೆದಾಕಿ, ಬಳಿದಾಕಿ ಸೂಗಮ್ಮ. ಉಮಾಶ್ರೀ ಬೈಗಾದ ಮೇಲೆ ಒಂದು ಬಟ್ಟಲು ಪಾಯಸ ತಗೊಂಡು ಬಂದು, ಎರಡು ನಗೆಮಾತು ಆಡಿ, ಮುದುಕಿಯ ಗಲ್ಲ ಹಿಡಿದು ಹೋಗುತ್ತಿದ್ದಳು. ಆಕಿ ಹೋದ ಮೇಲೂ ಮುದುಕಿಯ ಮಾರಿ ಮ್ಯಾಲೆ ಆ ನಗು ಉಳಿದಿರುತ್ತಿತ್ತು. ಅದನ್ನ ನೋಡುತ್ತ ಸೂಗಮ್ಮ ಹೇಸಿಗೆ ಅರಿವೆ ಹಿಂಡುತ್ತಿದ್ದಳು.

ಒಂದು ಮಧ್ಯಾಹ್ನ ಮುದುಕಿಗೆ ತುಸು ಹುಷಾರಾಗಿ, ಮೊರದಾಗ ತೊಗರಿಬ್ಯಾಳಿ ಹಸನ ಮಾಡುತ್ತ ತಾನಾಗೇ ಪದ ಎತ್ತಿದಳು. ಸೂಗಮ್ಮ ಮೊಬೈಲ್ ತಂದು ಮಗ್ಗುಲಾಗ ಇಟ್ಟಳು. ಪೂರಾ ಪದ ಅದರಾಗ ಇಳಿಯಿತು. ಮುದುಕಿ ತೀರಿಕೊಂಡ ಮೇಲೆ ಆ ಪದ ಜಗತ್ತಿನಾಗ ಉಳಿದದ್ದು ಆ ಒಂದು ಮೊಬೈಲಿನಾಗ.

ಉಮಾಶ್ರೀ ಕೇಳಿದಳು. "ಅಕ್ಕಾ, ಅತ್ತಿ ಪದ ನನಗೂ ಕಳಸ್ರಿ."

"ಪಾಯಸದ ಬಟ್ಟಲದಾಗ ಹುಡುಕು, ಸಿಗ್ತದ," ಅಂದಳು ಸೂಗಮ್ಮ.

ಪದ ಬಾಯಿಪಾಠ ಮಾಡಬೇಕಾದರೆ ದಿನಾ ಕೇಳಬೇಕು. ಕೇಳಿದರೆ ಗ್ವಾಡಿ ಆಚೆ ಹೋಗ್ತದ. ಮೊಬೈಲನ್ನ ಕಿವಿಗೆ ಒತ್ತಿ ಹಿಡಿದು ನೋಡಿದಳು, ಕೈ ಸೋತಿತು. ಕಡೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಹಾಶಿಮನ ಮೊಬೈಲ್ ಅಂಗಡಿಗೆ ಹೋದಳು.

"ಸ್ಪೀಕರ್ ತಗೋರಿ ಅಮ್ಮಾರ, ಸಣ್ಣದದ, ಆದ್ರ ಓಣಿಗೆಲ್ಲ ಕೇಳ್ತದ," ಅಂದ ಹಾಶಿಮ.

"ಓಣಿಗಿ ಕೇಳಬಾರದು ಅಂತಾನೇ ಬಂದೀನಪಾ. ನನಗ ಕೇಳಬೇಕು, ನನ್ನ ಮಗ್ಗುಲದ ನೊಣಕ್ಕ ಕೇಳಬಾರದು. ಅಂಥಾದು ಕೊಡು."

"ಹಂಗಾದ್ರ ಹೆಡ್‌ಫೋನ್. ಇದು ನೋಡ್ರಿ, ಕಿವಿ ಪೂರಾ ಮುಚ್ಚತದ. ಹೊರಗಿನ ಗದ್ದಲ ಒಳಗ ಬರಂಗಿಲ್ಲ, ಒಳಗಿಂದು ಹೊರಗ ಹೋಗಂಗಿಲ್ಲ. ಆರಾಮ ಕುಂತು ಕೇಳ್ರಿ."

"ಆರಾಮಕ್ಕಲ್ಲ, ಹಟಕ್ಕ," ಅಂತ ಹೇಳಿ ಸೂಗಮ್ಮ ಅದನ್ನ ಸೆರಗಿನಾಗ ಸುತ್ತಿಕೊಂಡು ಬಂದಳು.

ಅವತ್ತಿನಿಂದ ಮಧ್ಯಾಹ್ನದ ಊಟ ಆದ ಮೇಲೆ ಆಕಿ ಗ್ವಾಡಿಗೆ ಬೆನ್ನು ಹಚ್ಚಿ ಕೂತು, ಎತ್ತಿಗೆ ಕಣ್ಣಿ ಹಾಕಿದಂಗ ಅದನ್ನ ತಲೆಗೆ ಹಾಕಿಕೊಳ್ಳುತ್ತಿದ್ದಳು. ಆಚೆಯ ಸ್ಪೀಕರ್ ಡಬ್ಬಿ ಸತ್ತುಹೋದಂತೆ. ಅತ್ತೆಯ ದನಿ ನೆತ್ತಿಯೊಳಗೇ ಹುಟ್ಟಿದಂಗ ಬರುತ್ತಿತ್ತು. ಮೊರದಾಗ ಬ್ಯಾಳಿ ಸರಿದ ಸಪ್ಪಳವೂ ಕೇಳುತ್ತಿತ್ತು. ನಾ ಕೇಳಾಕತ್ತೀನಿ, ಆಕಿಗಿಲ್ಲ ಅಂತ ನೆನೆದಾಗ ಪದ ಇನ್ನೂ ರುಚಿ ಆಗುತ್ತಿತ್ತು.

*ಹಸಿನೂಲ ಸುತ್ತೇವ ಹೊಸ ತಂಬಿಗಿಗೆಲ್ಲ*
*ಹಸಮಗಳು ಬಂದು ಕುಂತಾಳ — ನಮ ಬಳಗ*
*ಬಿಸಿನೀರ ಹೊತ್ತು ಬಂದಾದ*

ಈ ಪದದಾಗ ಒಂದೇ ಒಂದು ನುಡಿ ಮಾತ್ರ ಸೂಗಮ್ಮನ ಗಂಟಲಾಗ ಇಳಿಯುತ್ತಿರಲಿಲ್ಲ. ಮೂರನೇ ನುಡಿ.

*ಹಿರಿಸೊಸಿ ಬಂದಾಳ ಹಗೇವಿನ ಕಾಳಾಗಿ*
*ಕಿರಿಸೊಸಿ ಬಂದಾಳ ಬೆಳಕಾಗಿ — ನಮ ಮನಿಯ*
*ಜಂತಿ ನಕ್ಕಾವ ಆಕೀಗಿ*

ಹೇಲು ಉಚ್ಚೆ ಬಳಿದಾಕಿ ನೆಲದೊಳಗಿನ ಕತ್ತಲ ಹಗೇವಿನಾಗಿನ ಕಾಳು. ಪಾಯಸ ತಂದಾಕಿ ಬೆಳಕು. ಮಾಳಗಿಯ ಜಂತಿ ಸುದ್ದಾ ಆಕೀಗೇ ನಗ್ತಾವ. ಆ ನುಡಿ ಬಂದಾಗೆಲ್ಲ ಸೂಗಮ್ಮ ಹಲ್ಲು ಕಚ್ಚಿಕೊಂಡು ಕೂಡುತ್ತಿದ್ದಳು. ಅದು ದಾಟಿದ ಮೇಲೆ ಮತ್ತೆ ಉಸಿರು ಬಿಡುತ್ತಿದ್ದಳು. ಉಮಾಶ್ರೀ ಸೊಸೆಯಾಗಿ ಬರುವಷ್ಟರಾಗ ಮುದುಕಿಯ ಮದುವೆ ಮನೆಗಳ ತಿರುಗಾಟ ನಿಂತಿತ್ತು. ಈ ನುಡಿಯನ್ನ ಆಮೇಲೆ ಕಟ್ಟಿದ್ದು. ಹಂಗಾಗಿ ಉಮಾಶ್ರೀ ಅದನ್ನ ಕೇಳಿಯೇ ಇರಲಿಲ್ಲ. ಮುದುಕಿ ತನ್ನನ್ನ ಅಷ್ಟು ಎತ್ತಿ ಕಟ್ಟ್ಯಾಳ ಅನ್ನೋದು ಆಕಿಗೆ ಗೊತ್ತಿರಲಿಲ್ಲ. ಗೊತ್ತಾಗಲೂಬಾರದು.

ಅಷ್ಟರಾಗ ವನದುರ್ಗದಿಂದ ಕರೆ ಬಂತು. ನಾದಿನಿ ನಾಗಿಂದ್ರಮ್ಮನ ಮಗಳ ಮದುವೆ. "ಅವ್ವನ ಪದ ಆಗಬೇಕು ವೈನಿ, ಅದಿಲ್ಲಂದ್ರ ನಾ ನೂಲು ಹರಿಯಂಗಿಲ್ಲ," ಅಂತ ನಾಗಿಂದ್ರಮ್ಮ ಫೋನಿನಾಗೇ ಅತ್ತಳು. ಸೂಗಮ್ಮ ಟ್ರಂಕಿನ ತಳದಾಗಿನ ಇಳಕಲ್ ಸೀರೆ ತೆಗೆದಳು. ಇಷ್ಟು ದಿನ ಕಿವಿ ಮುಚ್ಚಿಕೊಂಡು ಕಾಯ್ದದ್ದು ಈ ಹೊತ್ತಿಗಾಗೇ.

ಸುರಗಿಯ ಹೊತ್ತಿಗೆ ಅಂಗಳ ತುಂಬಿತ್ತು. ನೂಲು ಸುತ್ತಿ ಆಯಿತು, ಮದುಮಗಳು ಮಣೆ ಮೇಲೆ ಕೂತಳು. ನಾಗಿಂದ್ರಮ್ಮ ಕೈಮುಗಿದಳು. "ಹಾಡ್ರಿ ವೈನಿ."

ಕರೆದ ಕೂಡಲೇ ಬಾಯಿ ತೆರೆದರೆ ಅದು ಹಾಡೋರ ಲಕ್ಷಣ ಅಲ್ಲ. ಒಲ್ಲೆ ಅನ್ನಬೇಕು, ಮತ್ತೆ ಕರೆಸಿಕೊಳ್ಳಬೇಕು, ಎಲೆ ಅಡಿಕೆ ಕೈಗೆ ಬರಬೇಕು. ಮಲ್ಲಾಬಾಯಿಯೂ ಹಂಗೇ ಮಾಡುತ್ತಿದ್ದಳು.

"ಗಂಟಲಾ ಕಟ್ಟ್ಯಾದವಾ," ಅಂದಳು ಸೂಗಮ್ಮ.

"ಹಂಗಂದ್ರ ಹೆಂಗ? ಹಾಡ್ರಿ."

"ನನಗೆಲ್ಲಿ ಬರ್ತದ, ನಿಮ್ಮವ್ವನಂಗ?" ಅಂತ ಸೆರಗು ಸರಿ ಮಾಡಿಕೊಂಡು, ಎಲೆ ಅಡಿಕೆಯ ತಾಟು ಎಲ್ಲಿತನಕ ಬಂತು ಅಂತ ವಾರೆಗಣ್ಣಿಲೆ ನೋಡಿದಳು.

ತಾಟು ಇನ್ನೂ ಬಾಗಿಲ ಹತ್ತರ ಇತ್ತು. ಅಷ್ಟರಾಗ ಅಂಗಳದ ಆ ಮೂಲೆಯಿಂದ ಪದ ಎದ್ದಿತು.

*ಹಸಿನೂಲ ಸುತ್ತೇವ ಹೊಸ ತಂಬಿಗಿಗೆಲ್ಲ...*

ಉಮಾಶ್ರೀ. ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಹಾಡುತ್ತಿದ್ದಳು. ದನಿ ತೆಳ್ಳಗ, ಆದರೆ ಒಂದು ಅಕ್ಷರ ತಪ್ಪಿಲ್ಲ. ಸೂಗಮ್ಮ ಎದೆ ಹತ್ತರ ತಡವಿ ನೋಡಿದಳು. ಮೊಬೈಲ್ ತನ್ನ ಕುಪ್ಪಸದಾಗೇ ಅದ. ಹಂಗಾದರೆ ಈಕಿಗೆ ಎಲ್ಲಿಂದ ಬಂತು?

ಎರಡನೇ ನುಡಿ ಮುಗಿಯಿತು. ಉಮಾಶ್ರೀ ಸೀದಾ ನಾಲ್ಕನೆಯದಕ್ಕೆ ಹಾರಿ, ಪದ ಮುಗಿಸಿದಳು. ಹೆಂಗಸರು ಹೂಂಗುಟ್ಟಿದರು. ಒಬ್ಬ ಮುದುಕಿ ಕಣ್ಣು ಒರೆಸಿಕೊಂಡಳು.

"ಯಾರು ಕಲಿಸಿದ್ರು ನಿನಗ?" ಅಂತ ಸೂಗಮ್ಮ ಕೇಳಿದಳು.

"ನೀವೇ ಅಕ್ಕಾ. ದಿನಾ ಮಧ್ಯಾಹ್ನ ಕಿವಿ ಮುಚ್ಚಿಕೊಂಡು ಗ್ವಾಡಿಗಿ ಆತು ಕುಂತು ಒದರ್ತೀರಲ್ಲ. ನಿಮಗ ಕೇಳಸಂಗಿಲ್ಲ, ನನಗ ಪೂರಾ ಕೇಳಸ್ತದ. ನೀವು ಸುರು ಮಾಡಿದ್ರ ನಾ ಸ್ಪೀಕರ್ ಬಂದ್ ಮಾಡಿ ಕುಂಡ್ರತಿದ್ದೆ."

ಅಂಗಳ ಗೊಳ್ಳಂತ ನಕ್ಕಿತು. ಸೂಗಮ್ಮಗೆ ಆ ಮಣೆ, ಆ ತಂಬಿಗೆ, ಆ ಮದುಮಗಳು ಎಲ್ಲಾ ಕೂಡಿ ಬಾವಿಗೆ ಬೀಳಲಿ ಅನ್ನಿಸಿತು. ಪದ ಬಾಯಿಂದ ಹೊರಗ ಹೊಂಟದ್ದು ತನಗೇ ಗೊತ್ತಾಗಿರಲಿಲ್ಲ.

ನಾಗಿಂದ್ರಮ್ಮ ಮಾತ್ರ ನಗಲಿಲ್ಲ. "ನಡುವ ಒಂದು ನುಡಿ ಕಡಿಮಿ ಆಯ್ತು ನೋಡು ಸಣ್ಣ ವೈನಿ. ಸೊಸ್ತೇರ ಹೆಸರಿಲೆ ಒಂದು ನುಡಿ ಕಟ್ಟೀನಿ ಅಂತ ಅವ್ವ ನನಗ ಹೇಳಿದ್ಳು. ಏನು ಅಂತ ಹೇಳಿರಲಿಲ್ಲ."

"ನಾ ಕೇಳಿದ್ದು ಇಷ್ಟೇ," ಅಂದಳು ಉಮಾಶ್ರೀ. ಆಕಿಯ ನಗು ಮೊದಲ ಸಲ ಆರಿತು. "ನನ್ನ ಮ್ಯಾಲೂ ಕಟ್ಟಿದ್ರೇನು ಅತ್ತಿ?"

ನಾಗಿಂದ್ರಮ್ಮ ಸೂಗಮ್ಮನ ಕಡೆ ತಿರುಗಿದಳು. "ದೊಡ್ಡ ವೈನಿ, ನಿಮ್ಮ ಮೊಬೈಲಿನಾಗ ಪೂರಾ ಅದ ಅಂತ ನೀವೇ ಫೋನಿನಾಗ ಹೇಳಿದ್ರಿ. ಆ ನುಡಿ ಹಾಡ್ರಿ. ಪೂರಾ ಪದ ಯಾರ ಕಡಿ ಅದನೋ ಅವರಿಗೇ ಮೊದಲ ಉಡಿ. ನಾ ಯಾರ ಪಕ್ಷನೂ ಅಲ್ಲ."

ಎಲೆ ಅಡಿಕೆಯ ತಾಟು ಈಗ ಸೂಗಮ್ಮನ ಮುಂದೆ ಬಂದು ನಿಂತಿತು. ಎಲ್ಲರ ಕಣ್ಣು ಆಕಿಯ ಬಾಯಿ ಮ್ಯಾಲೆ. ಮೂರು ಸಾಲು. ಅಷ್ಟು ಹಾಡಿದರೆ ಹಿರಿತನ ಉಳೀತದ, ನಕ್ಕವರ ಬಾಯಿ ಮುಚ್ಚತದ. ಉಮಾಶ್ರೀ ಮುಂದಕ್ಕೆ ಬಾಗಿ, ಹಸಿದ ಕೂಸಿನಂಗ ನೋಡುತ್ತಿದ್ದಳು. *ಕಿರಿಸೊಸಿ ಬಂದಾಳ ಬೆಳಕಾಗಿ.* ಆ ಸಾಲನ್ನ ಈ ಅಂಗಳದಾಗ, ಈ ಬಾಯಿಂದ, ಆಕಿಯ ಆ ಮಾರಿ ಮುಂದೆ ಹಾಡಬೇಕಾ? ನಾಲಿಗೆ ತುದಿತನಕ ಬಂದದ್ದನ್ನ ಸೂಗಮ್ಮ ಎಂಜಲಿನ ಕೂಡ ನುಂಗಿದಳು.

"ಅಂಥ ನುಡಿ ಯಾವುದೂ ಇಲ್ಲ," ಅಂದಳು. "ಪದ ಅಷ್ಟೇ ಅದ."

ನಾಗಿಂದ್ರಮ್ಮ ತಾಟು ಎತ್ತಿಕೊಂಡು ಆ ಮೂಲೆಗೆ ನಡೆದಳು. ನೂಲು ಹರಿಯಿತು. ಮೊದಲ ಉಡಿ ಉಮಾಶ್ರೀಗೆ ಬಿತ್ತು.

ಸಂಜೆಗೆ ಶಹಾಪುರಕ್ಕೆ ಹೊರಟ ಟಂಟಂ ಆಟೋ ಒಂದೇ ಇತ್ತು. ಇಬ್ಬರೂ ಒಂದೇ ಸೀಟಿನಾಗ ಕೂತರು. ಉಮಾಶ್ರೀಯ ಮಡಿಲಾಗ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಹಸಿರು ಕಣ. ಅರ್ಧ ದಾರಿ ಬಂದ ಮೇಲೆ ಆಕಿ ಮೆಲ್ಲಗ ಕೇಳಿದಳು.

"ಅಕ್ಕಾ, ಉಡಿ ಬೇಕಂದ್ರ ನೀವೇ ತಗೋರಿ. ಆ ನುಡಿ ಇದ್ರ ಖರೇ ಹೇಳ್ರಿ. ಅತ್ತಿ ನನಗ ಏನಂದಿದ್ರು?"

ಸೂಗಮ್ಮ ಹೊರಗೆ ಹತ್ತಿಹೊಲ ನೋಡುತ್ತ ಕೂತಿದ್ದಳು. ತಿರುಗಲಿಲ್ಲ.

"ನಿನ್ನ ಉಡಿ ಅತ್ತಾಗ ಸರಸು. ನನ್ನ ಸೀರಿಗಿ ತಾಕಾಕತ್ತದ."